ಕಾರಿಗೆ ತಪ್ಪು ದ್ರವ ಸುರಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಇದನ್ನು ಪೆಟ್ರೋಲ್ ಬಂಕ್‌ನಲ್ಲಿ ನಿಂತುಕೊಂಡೇ ಓದುತ್ತಿದ್ದರೆ ಮೊದಲು ಇಷ್ಟು ಮಾಡಿ: ಗಾಡಿ ಸ್ಟಾರ್ಟ್ ಮಾಡಬೇಡಿ. ಸ್ಟಾರ್ಟ್ ಆಗಿದ್ದರೆ ಆಫ್ ಮಾಡಿ. ಹಿಂದೆ ನಿಂತವರು ಹಾರ್ನ್ ಹೊಡೆದರೆ ಹೊಡೆಯಲಿ. ಉಳಿದದ್ದನ್ನು ನಿಧಾನವಾಗಿ ಓದಬಹುದು.

ನಾನು ಮೆಕ್ಯಾನಿಕ್ ಅಲ್ಲ. ಒಮ್ಮೆ ನನ್ನ ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ನಾಲ್ಕು ಕಿಲೋಮೀಟರ್ ಓಡಿಸಿ, ಅದಕ್ಕೆ ತಕ್ಕ ಬೆಲೆ ತೆತ್ತವನು. ಅಂದಿನಿಂದ ನೆಂಟರಿಷ್ಟರಲ್ಲಿ ಯಾರ ಕಾರಿಗೆ ಏನು ಬಿದ್ದರೂ ಫೋನು ನನಗೇ ಬರುತ್ತದೆ. ಅವರು ಕೇಳಿದ ಪ್ರಶ್ನೆಗಳು, ಹಾಸನದ ಗ್ಯಾರೇಜೊಂದರ ಮೇಸ್ತ್ರಿಯಿಂದ ನಾನು ಕಲಿತ ಉತ್ತರಗಳು ಇಲ್ಲಿವೆ.

ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಬಿಟ್ಟರು. ಇನ್ನೂ ಸ್ಟಾರ್ಟ್ ಮಾಡಿಲ್ಲ. ಈಗೇನು?

ಪುಣ್ಯವಂತರು ನೀವು. ತಪ್ಪು ಇಂಧನ ಟ್ಯಾಂಕಿನಲ್ಲಿ ಸುಮ್ಮನೆ ಕುಳಿತಿರುವಷ್ಟು ಹೊತ್ತು ಅದರಿಂದ ದೊಡ್ಡ ಹಾನಿಯಿಲ್ಲ. ಅದು ಪಂಪಿಗೆ ಹೋದ ಮೇಲೆ ನಿಜವಾದ ಹಾನಿ ಶುರು.

ಇಗ್ನಿಷನ್ ಕೂಡ ಆನ್ ಮಾಡಬೇಡಿ. ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ದೀಪಗಳು ಹೊತ್ತಿಕೊಂಡ ಕ್ಷಣದಲ್ಲೇ ಟ್ಯಾಂಕಿನೊಳಗಿನ ಸಣ್ಣ ಪಂಪು ಇಂಧನವನ್ನು ಮುಂದಕ್ಕೆ ದಬ್ಬಲು ತೊಡಗುತ್ತದೆ. ಕೀಲಿ ಇರುವ ಗಾಡಿಯಾದರೆ ಸ್ಟಿಯರಿಂಗ್ ಲಾಕ್ ಬಿಡಿಸಲು ಬೇಕಾದಷ್ಟು, ಅಂದರೆ ಮೊದಲ ಹಂತದವರೆಗೆ ಮಾತ್ರ ತಿರುಗಿಸಿ. ನ್ಯೂಟ್ರಲ್‌ಗೆ ಹಾಕಿ, ಬಂಕ್‌ನ ಇಬ್ಬರು ಮೂವರನ್ನು ಕರೆದು ಪಕ್ಕಕ್ಕೆ ತಳ್ಳಿಸಿ. ಬಟನ್ ಒತ್ತುವ ಆಟೊಮ್ಯಾಟಿಕ್ ಗಾಡಿಯನ್ನು ಇಗ್ನಿಷನ್ ಇಲ್ಲದೆ ನ್ಯೂಟ್ರಲ್‌ಗೆ ತರುವುದು ಕಷ್ಟ. ಅದನ್ನು ನಿಂತಲ್ಲೇ ಬಿಟ್ಟು, ಬಂಕ್‌ನವರಿಗೆ ಆ ಸಾಲು ಮುಚ್ಚಲು ಹೇಳಿ, ಟೋಯಿಂಗ್ ಗಾಡಿಯವರನ್ನು ಕರೆಯುವುದೇ ಸರಿ.

ಆಮೇಲಿನ ಕೆಲಸ ಸರಳ. ಟ್ಯಾಂಕನ್ನು ಪೂರ್ತಿ ಬರಿದು ಮಾಡಬೇಕು, ಸ್ವಲ್ಪ ಹೊಸ ಡೀಸೆಲ್ ಹಾಕಿ ತೊಳೆದು ಅದನ್ನೂ ತೆಗೆಯಬೇಕು, ಡೀಸೆಲ್ ಫಿಲ್ಟರ್ ಬದಲಿಸಬೇಕು. ಅನುಭವವಿರುವ ಗ್ಯಾರೇಜಿಗೆ ಅರ್ಧ ದಿನದ ಕೆಲಸ.

ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಬಂದುಬಿಟ್ಟಿದ್ದೇನೆ. ಗಾಡಿ ಚೆನ್ನಾಗಿಯೇ ಓಡುತ್ತಿದೆಯಲ್ಲ?

ನನ್ನದೂ ಚೆನ್ನಾಗಿಯೇ ಓಡುತ್ತಿತ್ತು. ಕೊಳವೆಯಲ್ಲಿ, ಫಿಲ್ಟರಿನಲ್ಲಿ ಹಳೆಯ ಡೀಸೆಲ್ ಉಳಿದಿರುತ್ತದೆ. ಅದು ಮುಗಿಯುವವರೆಗೆ ಎಲ್ಲವೂ ಸರಿಯಾಗಿದೆ ಎಂದೇ ಅನಿಸುತ್ತದೆ.

2014ರ ಶ್ರಾವಣ. ಮಾವನವರನ್ನು ಕರೆದುಕೊಂಡು ಹಾಸನಕ್ಕೆ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಒಂದು ಬಂಕ್‌ನಲ್ಲಿ ನಿಲ್ಲಿಸಿ, ‘ಸಾವಿರ ರೂಪಾಯಿಗೆ ಹಾಕಿ’ ಎಂದು ಹೇಳಿ, ಟೀ ಕುಡಿಯಲು ಇಳಿದೆ. ಏನು ಹಾಕಬೇಕು ಎಂದು ನಾನು ಹೇಳಲಿಲ್ಲ, ಆ ಹುಡುಗನೂ ಕೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತಗಡಿನ ಡಬ್ಬಿಯಲ್ಲಿ ಬೆಣಚುಕಲ್ಲು ಕುಲುಕಿದ ಹಾಗೆ ಸದ್ದು ಶುರುವಾಯಿತು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಮಾವನವರು ಎದ್ದು, ‘ಅದೇನು ಸದ್ದು ಅಳಿಯಂದಿರೇ?’ ಎಂದರು. ‘ರಸ್ತೆ ಸರಿಯಿಲ್ಲ’ ಎಂದೆ. ರಸ್ತೆ ನುಣ್ಣಗೆ ಇತ್ತು. ಮುಂದಿನ ಸಣ್ಣ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೂ ಗಾಡಿ ಮೇಲೇಳಲಿಲ್ಲ. ಒಂದು ಹುಣಸೆಮರದ ಕೆಳಗೆ ತಾನಾಗಿಯೇ ನಿಂತಿತು.

ಗ್ಯಾರೇಜಿನಲ್ಲಿ ಮೇಸ್ತ್ರಿ ಫಿಲ್ಟರಿನಿಂದ ತೆಗೆದದ್ದನ್ನು ಖಾಲಿ ಗಾಜಿನ ಸೀಸೆಗೆ ಸುರಿದು ಬಿಸಿಲಿಗೆ ಹಿಡಿದರು. ಅದರೊಳಗೆ ಬೆಳ್ಳಿಯನ್ನು ಅರ ಹಾಕಿ ಉಜ್ಜಿದಂತೆ ಸಣ್ಣ ಮಿನುಗು, ಮೆಲ್ಲಗೆ ತಳಕ್ಕೆ ಇಳಿಯುತ್ತಿತ್ತು. ‘ಇದು ನಿಮ್ಮ ಪಂಪಿನ ಮೈ ಸಾರ್’ ಎಂದರು.

ಡೀಸೆಲ್‌ಗೆ ತನ್ನದೇ ಜಿಡ್ಡಿದೆ. ಇಂಧನದ ಪಂಪಿನೊಳಗೆ ಒಂದಕ್ಕೊಂದು ಉಜ್ಜುವ ಲೋಹದ ಭಾಗಗಳಿಗೆ ಆ ಜಿಡ್ಡೇ ಎಣ್ಣೆ. ಬೇರೆ ಎಣ್ಣೆ ಅಲ್ಲಿಗೆ ಹೋಗುವುದಿಲ್ಲ. ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಆ ಪಂಪು 1600 ಬಾರ್, ಕೆಲವದರಲ್ಲಿ 2000 ಬಾರ್ ಒತ್ತಡ ಹುಟ್ಟಿಸುತ್ತದೆ. 1600 ಬಾರ್ ಎಂದರೆ ನಿಮ್ಮ ಟೈರಿನಲ್ಲಿರುವ ಗಾಳಿಯ ಒತ್ತಡದ ಸುಮಾರು 700 ಪಟ್ಟು. ಪೆಟ್ರೋಲ್‌ನಲ್ಲಿ ಆ ಜಿಡ್ಡು ಇಲ್ಲ. ಅದು ಇರುವ ಜಿಡ್ಡನ್ನೂ ತೊಳೆದು ಹಾಕುತ್ತದೆ. ಲೋಹ ಲೋಹವನ್ನು ಕೆರೆಯುತ್ತದೆ, ಆ ಪುಡಿ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳ ಕೂದಲೆಳೆಯಷ್ಟು ಸಣ್ಣ ತೂತುಗಳಿಗೆ ಹೋಗಿ ಕೂರುತ್ತದೆ. ನನ್ನ ಗಾಡಿಗೆ ಪಂಪು, ನಾಲ್ಕು ಇಂಜೆಕ್ಟರ್, ನಡುವಿನ ಕೊಳವೆಗಳು ಎಲ್ಲವೂ ಹೊಸದಾಗಿ ಬಂದವು. ಬಿಲ್ಲು ಲಕ್ಷ ದಾಟಿತು.

ಹಾಗಾಗಿ ‘ಹೇಗೂ ಓಡುತ್ತಿದೆ, ಊರು ಸೇರಿಕೊಳ್ಳೋಣ’ ಎಂಬ ಲೆಕ್ಕಾಚಾರ ಬೇಡ. ಈಗಲೇ ಪಕ್ಕಕ್ಕೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಕರೆ ಮಾಡಬಹುದು.

ಬಿದ್ದಿರುವುದು ಎರಡೇ ಲೀಟರ್. ಮೇಲಿಂದ ಡೀಸೆಲ್ ತುಂಬಿಸಿದರೆ ಸರಿಹೋಗುತ್ತದೆ ಎಂದು ನಮ್ಮ ದೊಡ್ಡಪ್ಪ ಹೇಳುತ್ತಾರೆ.

ದೊಡ್ಡಪ್ಪನವರು ಓಡಿಸಿದ್ದು ಡೀಸೆಲ್ ಅಂಬಾಸಿಡರ್ ಅಥವಾ ಹಳೆಯ ಜೀಪು ಇರಬೇಕು. ಆ ಕಾಲದ ಪಂಪುಗಳ ಒತ್ತಡ ಕಡಿಮೆ, ಲೋಹ ದಪ್ಪ, ಮೈ ಒರಟು. ಚಳಿ ದೇಶಗಳಲ್ಲಿ ಡೀಸೆಲ್ ಮೇಣದಂತೆ ಗಟ್ಟಿಯಾಗುವುದನ್ನು ತಡೆಯಲು ಅಂಥ ಎಂಜಿನ್‌ಗಳಿಗೆ ಬೇಕೆಂದೇ ಸ್ವಲ್ಪ ಪೆಟ್ರೋಲ್ ಬೆರೆಸುತ್ತಿದ್ದದ್ದೂ ಉಂಟು. ಅವರ ಮಾತು ಅವರ ಗಾಡಿಗೆ ಸರಿ. ಈಗಿನ ಹೆಚ್ಚು ಒತ್ತಡದ, ಕಾಮನ್ ರೈಲ್ ಎನ್ನುವ ಬಗೆಯ ಎಂಜಿನ್‌ಗೆ ಅದು ಹೊಂದುವುದಿಲ್ಲ. ಇಷ್ಟು ಲೀಟರ್ ಆದರೆ ಪರವಾಗಿಲ್ಲ ಎಂಬ ಗೆರೆಯನ್ನು ನಾನಂತೂ ಎಳೆಯುವುದಿಲ್ಲ, ಬರಿದು ಮಾಡಿಸಿ.

ಪೆಟ್ರೋಲ್ ಕಾರಿಗೆ ಡೀಸೆಲ್ ಬಿದ್ದರೆ?

ಅದು ಅಷ್ಟು ಘೋರವಲ್ಲ, ಅಷ್ಟು ಸಾಮಾನ್ಯವೂ ಅಲ್ಲ. ಸಾಮಾನ್ಯವಾಗಿ ಡೀಸೆಲ್ ನಾಝಲ್ ದಪ್ಪ, ಪೆಟ್ರೋಲ್ ಕಾರಿನ ಟ್ಯಾಂಕಿನ ಬಾಯಿ ಕಿರಿದು. ಸಲೀಸಾಗಿ ಒಳಗೆ ಹೋಗುವುದಿಲ್ಲ. (ತೆಳ್ಳನೆಯ ಪೆಟ್ರೋಲ್ ನಾಝಲ್ ಡೀಸೆಲ್ ಕಾರಿಗೆ ಆರಾಮವಾಗಿ ಹೋಗುತ್ತದೆ. ಹೆಚ್ಚು ಹಾನಿ ಮಾಡುವ ತಪ್ಪಿಗೇ ದಾರಿ ಸುಲಭ.) ಡೀಸೆಲ್ ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಸರಿಯಾಗಿ ಹೊತ್ತಿಕೊಳ್ಳದೆ ಎಂಜಿನ್ ಕೆಮ್ಮುತ್ತದೆ, ದಟ್ಟ ಹೊಗೆ ಬರುತ್ತದೆ, ನಿಂತುಹೋಗುತ್ತದೆ. ಟ್ಯಾಂಕು ಬರಿದು ಮಾಡಿ, ಕೊಳವೆ ತೊಳೆದು, ಪ್ಲಗ್ಗುಗಳನ್ನು ಒರೆಸಿದರೆ ಬಹುತೇಕ ಸರಿಹೋಗುತ್ತದೆ. ಹಠ ಹಿಡಿದು ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಾ ಹೋದರೆ ಮಾತ್ರ ಸೈಲೆನ್ಸರ್ ಸಾಲಿನಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ, ಅದು ದುಬಾರಿ.

ನಮ್ಮಲ್ಲಿ ಇಂಧನ ಹಾಕುವವರು ಬಂಕ್‌ನ ನೌಕರರೇ. ಆದರೂ ಈ ತಪ್ಪು ಯಾಕೆ ಆಗುತ್ತದೆ?

ಹೆಸರುಗಳ ಗೊಂದಲ ಮೊದಲನೆಯದು. ಒಂದು ಕಂಪನಿಯ ದುಬಾರಿ ಪೆಟ್ರೋಲ್‌ನ ಹೆಸರು ‘ಸ್ಪೀಡ್’. ಸಾಮಾನ್ಯ ಡೀಸೆಲ್‌ನ ಅಧಿಕೃತ ಹೆಸರು ‘ಹೈ ಸ್ಪೀಡ್ ಡೀಸೆಲ್’. ‘ಸ್ಪೀಡ್ ಹಾಕಲಾ ಸಾರ್?’ ಎಂದು ಕೇಳಿದಾಗ ಫೋನಿನಲ್ಲಿ ಮಾತನಾಡುತ್ತಲೇ ತಲೆಯಾಡಿಸಿದವರು ನನಗೆ ಗೊತ್ತಿದ್ದಾರೆ.

ಎರಡನೆಯದು, ಕಾರು ನೋಡಿ ಊಹಿಸುವುದು. ಸ್ವಿಫ್ಟ್, ಡಿಸೈರ್‌ನಂಥ ಗಾಡಿಗಳು ಎಷ್ಟೋ ವರ್ಷ ಎರಡೂ ಬಗೆಯಲ್ಲಿ ಬಂದವು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಈಗ ಕೆಲಸಕ್ಕೆ ಸೇರಿದ ಹುಡುಗನಿಗೆ ಆ ಕಾರು ಎಂದರೆ ಪೆಟ್ರೋಲ್. ನಿಮ್ಮದು 2016ರದ್ದು ಎಂದು ಅವನಿಗೆ ಹೇಗೆ ತಿಳಿಯಬೇಕು?

ಮೂರನೆಯದು ನನ್ನದೇ ಅನುಮಾನ. ಬಂಕ್‌ನಲ್ಲಿ ‘ಝೀರೋ ನೋಡಿ ಸಾರ್’ ಎನ್ನುತ್ತಾರೆ. ಮೋಸ ಹೋಗಬಾರದೆಂದು ನಾವು ಆ ಸೊನ್ನೆಯನ್ನೇ ಕಣ್ಣು ಮಿಟುಕಿಸದೆ ನೋಡುತ್ತೇವೆ. ಅದರ ಪಕ್ಕದಲ್ಲೇ ಯಂತ್ರದ ಮೇಲೆ ಪೆಟ್ರೋಲ್ ಎಂದೋ ಡೀಸೆಲ್ ಎಂದೋ ಬರೆದಿರುತ್ತದೆ, ಅದನ್ನು ಓದುವುದಿಲ್ಲ. ಮೊತ್ತದ ಮೇಲೆ ಇರುವ ಕಣ್ಣು ವಸ್ತುವಿನ ಮೇಲೆ ಇಲ್ಲ.

ಆದ್ದರಿಂದ ನಾನು ಈಗ ಮಾಡುವುದಿಷ್ಟು: ಇಳಿಯುತ್ತೇನೆ, ‘ಡೀಸೆಲ್, ಸಾವಿರ ರೂಪಾಯಿಗೆ’ ಎಂದು ವಸ್ತುವಿನ ಹೆಸರನ್ನೇ ಮೊದಲು ಹೇಳುತ್ತೇನೆ, ನಾಝಲ್ ಯಾವ ಗೂಡಿನಿಂದ ಬಂತು ಎಂದು ನೋಡುತ್ತೇನೆ, ಆಮೇಲೆ ಸೊನ್ನೆ. ಟ್ಯಾಂಕಿನ ಮುಚ್ಚಳದ ಒಳಗಡೆ ‘ಡೀಸೆಲ್ ಮಾತ್ರ’ ಎಂದು ಕನ್ನಡದಲ್ಲೇ ಬರೆಸಿದ ಸ್ಟಿಕ್ಕರ್ ಇದೆ.

ಏನು ಹಾಕಿದ್ದಾರೆ ಎಂದು ಬಿಲ್ಲಿನಿಂದ ತಿಳಿಯುತ್ತದೆಯೇ?

ತಿಳಿಯುತ್ತದೆ. ಬಿಲ್ಲಿನಲ್ಲಿ ‘ಎಂಎಸ್’ ಎಂದಿದ್ದರೆ ಪೆಟ್ರೋಲ್. ಮೋಟಾರ್ ಸ್ಪಿರಿಟ್ ಎಂಬುದರ ಚಿಕ್ಕ ರೂಪ. ‘ಎಚ್‌ಎಸ್‌ಡಿ’ ಎಂದಿದ್ದರೆ ಡೀಸೆಲ್. ಗಾಡಿ ಸ್ಟಾರ್ಟ್ ಮಾಡುವ ಮೊದಲು ಒಂದು ಸಲ ಓದಿ.

ತಪ್ಪು ಬಂಕ್‌ನವರದ್ದು. ಪರಿಹಾರ ಕೇಳಬಹುದೇ?

ಕೇಳಬಹುದು, ಆದರೆ ಕಾಗದ ಬೇಕು. ಬಿಲ್ಲು, ಯಂತ್ರದ ಮೇಲಿನ ಅಂಕಿಯ ಫೋಟೊ, ಸಮಯ. ಬಂಕ್‌ನ ವ್ಯವಸ್ಥಾಪಕರನ್ನು ಕರೆದು ನಡೆದದ್ದನ್ನು ದೂರಿನ ಪುಸ್ತಕದಲ್ಲಿ ಬರೆಯಿರಿ. ಸಿಸಿಟಿವಿ ದೃಶ್ಯವನ್ನು ಅಳಿಸದೆ ಇಟ್ಟುಕೊಳ್ಳುವಂತೆ ಬರಹದಲ್ಲೇ ಕೇಳಿ. ಟ್ಯಾಂಕಿನಿಂದ ತೆಗೆದ ಇಂಧನವನ್ನು ಗ್ಯಾರೇಜಿನವರ ಎದುರು ಸ್ವಲ್ಪ ಮಾದರಿಯಾಗಿ ಇರಿಸಿಕೊಳ್ಳಿ, ಕೆಲಸದ ಚೀಟಿಯಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆಸಿ. ಎಷ್ಟೋ ಮಾಲೀಕರು ಅಲ್ಲೇ ಟ್ಯಾಂಕು ತೊಳೆಸುವ ಖರ್ಚನ್ನು ಒಪ್ಪಿಕೊಳ್ಳುತ್ತಾರೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು.

ಒಂದು ಮಾತು: ನಾಝಲ್ ಹಿಡಿದ ಹುಡುಗನ ಮೇಲೆ ಕೂಗಾಡಬೇಡಿ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದವನ ಸಂಬಳದಿಂದ ನಿಮ್ಮ ಟ್ಯಾಂಕಿನ ದುಡ್ಡು ಕಡಿತವಾಗುವ ಸಂಭವವೇ ಹೆಚ್ಚು. ಮಾತು ಮಾಲೀಕರ ಜೊತೆ ಇರಲಿ.

ವಿಮೆ ಬರುತ್ತದೆಯೇ?

ಪಾಲಿಸಿಯನ್ನು ಓದದೆ ಹೌದು ಎನ್ನಲಾಗದು. ಸಾಮಾನ್ಯ ಪಾಲಿಸಿಯಲ್ಲಿ ಯಾಂತ್ರಿಕ ಕೆಡುವಿಕೆಗೂ ಪರಿಣಾಮವಾಗಿ ಆದ ನಷ್ಟಕ್ಕೂ ಹಣವಿಲ್ಲ ಎಂಬ ಷರತ್ತು ಇರುತ್ತದೆ. ತಪ್ಪು ಇಂಧನ ಹಾಕಿ ಓಡಿಸಿದ್ದನ್ನು ಕಂಪನಿಗಳು ಅಲ್ಲಿಗೇ ಸೇರಿಸಲು ನೋಡುತ್ತವೆ. ಎಂಜಿನ್ ರಕ್ಷಣೆ ಎಂದು ಹೆಚ್ಚುವರಿ ಹಣ ಕೊಟ್ಟು ಕೊಂಡಿದ್ದರೂ ಅದು ಮುಖ್ಯವಾಗಿ ಮಳೆನೀರು ಎಂಜಿನ್‌ಗೆ ನುಗ್ಗಿದಾಗಿನ ಮಾತು. ರಸ್ತೆ ಬದಿ ನೆರವಿನ ಸೌಲಭ್ಯ ತೆಗೆದುಕೊಂಡಿದ್ದರೆ ಟೋಯಿಂಗ್ ಉಚಿತವಾಗಿ ಸಿಗಬಹುದು. ಮೊದಲು ಆ ಸಂಖ್ಯೆಗೆ ಕರೆ ಮಾಡಿ.

ಬ್ರೇಕ್ ಆಯಿಲ್ ಕಡಿಮೆಯಾಗಿತ್ತು. ಮನೆಯಲ್ಲಿದ್ದ ಎಂಜಿನ್ ಆಯಿಲ್ ಹಾಕಿದೆ. ಎರಡೂ ಆಯಿಲ್ ತಾನೆ?

ಗಾಡಿಯನ್ನು ಅಲ್ಲಾಡಿಸಬೇಡಿ. ಈ ಪುಟದಲ್ಲಿರುವ ತಪ್ಪುಗಳಲ್ಲಿ ಪ್ರಾಣಕ್ಕೆ ನೇರವಾಗಿ ಕುತ್ತು ತರುವಂಥದ್ದು ಇದು.

ಇದರ ಮೂಲ ನಮ್ಮ ಮಾತಿನಲ್ಲೇ ಇದೆ. ನಾವೆಲ್ಲ ‘ಬ್ರೇಕ್ ಆಯಿಲ್’ ಎನ್ನುತ್ತೇವೆ, ಅಂಗಡಿಯವರೂ ಹಾಗೆಯೇ ಕೊಡುತ್ತಾರೆ. ಆದರೆ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಎಂಬ, ನೀರಿನಲ್ಲಿ ಕರಗುವ ರಾಸಾಯನಿಕದ ಬಳಗಕ್ಕೆ ಸೇರಿದ್ದು. ಬ್ರೇಕಿನ ಒಳಗಿರುವ ರಬ್ಬರನ್ನು ಆ ದ್ರವಕ್ಕೆಂದೇ ಆರಿಸಿರುತ್ತಾರೆ. ಆ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ನೀರಿನಲ್ಲಿ ನೆನೆಹಾಕಿದ ಕಡಲೆಯಂತೆ ಊದಿಕೊಳ್ಳುತ್ತದೆ. ಮೊದಮೊದಲು ಬ್ರೇಕ್ ಹಿಡಿದದ್ದು ಬಿಡುವುದಿಲ್ಲ, ಚಕ್ರ ಬಿಸಿಯಾಗುತ್ತದೆ. ಆಮೇಲೆ ಒಂದು ದಿನ ಪೆಡಲ್ ನೆಲಕ್ಕೆ ಹೋಗುತ್ತದೆ. ಪವರ್ ಸ್ಟಿಯರಿಂಗ್ ಆಯಿಲ್ ಹಾಕಿದರೂ ಇದೇ ಗತಿ.

ಮೇಸ್ತ್ರಿ ತೋರಿಸಿದ ಒಂದು ಪರೀಕ್ಷೆ: ಗಾಡಿಯ ಬ್ರೇಕ್ ದ್ರವದ ಡಬ್ಬಿಯಿಂದ ಎರಡು ಹನಿ ತೆಗೆದು ಒಂದು ಲೋಟ ನೀರಿಗೆ ಹಾಕಿ. ಬ್ರೇಕ್ ದ್ರವವಾದರೆ ನೀರಿನಲ್ಲಿ ಬೆರೆತುಹೋಗುತ್ತದೆ. ಎಣ್ಣೆಯಾದರೆ ಸಾರಿನ ಮೇಲಿನ ಒಗ್ಗರಣೆಯಂತೆ ತೇಲುತ್ತದೆ. ಡಬ್ಬಿಯ ಮುಚ್ಚಳದೊಳಗಿನ ರಬ್ಬರನ್ನೂ ನೋಡಿ. ಅದು ಅಲೆಅಲೆಯಾಗಿ ಉಬ್ಬಿ, ಮತ್ತೆ ತನ್ನ ಜಾಗದಲ್ಲಿ ಕೂರದಿದ್ದರೆ ಎಣ್ಣೆ ಆಗಲೇ ಕೆಲಸ ಶುರು ಮಾಡಿದೆ ಎಂದರ್ಥ.

ಪೆಡಲ್ ಒಂದು ಸಲವೂ ಒತ್ತದೆ ತಕ್ಷಣ ಗೊತ್ತಾಗಿದ್ದರೆ ಹಾನಿ ಡಬ್ಬಿಗೇ ನಿಂತಿರಬಹುದು. ಅದನ್ನೂ ಮೆಕ್ಯಾನಿಕ್ ಸ್ಥಳಕ್ಕೆ ಬಂದು ನೋಡಲಿ. ಪೆಡಲ್ ಒತ್ತಿ ಓಡಿಸಿದ್ದರೆ ಪೆಡಲಿನ ಒತ್ತಡವನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರ್‌ನಿಂದ ನಾಲ್ಕು ಚಕ್ರದವರೆಗೆ ರಬ್ಬರ್ ಇರುವ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಅದೇ ಡಬ್ಬಿಯ ದ್ರವ ಹೋಗುತ್ತದೆ, ಅದನ್ನೂ ಮರೆಯಬಾರದು. ‘ತೊಳೆದು ಹೊಸ ಆಯಿಲ್ ಹಾಕಿದರೆ ಸಾಕು ಸಾರ್’ ಎನ್ನುವ ಗ್ಯಾರೇಜಿನಿಂದ ಗಾಡಿಯನ್ನು ಬೇರೆಡೆಗೆ ಎಳೆಸಿಕೊಂಡು ಹೋಗಿ.

ಅಂದಹಾಗೆ, ಬ್ರೇಕ್ ದ್ರವ ಕಡಿಮೆ ಕಂಡರೆ ಕೂಡಲೇ ಸುರಿಯುವುದೇ ತಪ್ಪು. ಬ್ರೇಕ್ ಪ್ಯಾಡ್ ಸವೆದಂತೆ ಮಟ್ಟ ತಾನಾಗಿಯೇ ಇಳಿಯುತ್ತದೆ. ಇಲ್ಲವಾದರೆ ಎಲ್ಲೋ ಸೋರುತ್ತಿದೆ. ಎರಡಕ್ಕೂ ಮದ್ದು ಬಾಟಲಿಯಲ್ಲಿಲ್ಲ.

ಬ್ರೇಕ್ ದ್ರವ ಡಾಟ್ 3 ಇದ್ದ ಕಡೆ ಡಾಟ್ 4 ಹಾಕಿದೆ. ತೊಂದರೆಯೇ?

ಇಲ್ಲ. ಡಾಟ್ 3, 4, 5.1 ಮೂರೂ ಒಂದೇ ಬಳಗ. ಡಾಟ್ 4ರ ಕುದಿಬಿಂದು ಇನ್ನೂ ಹೆಚ್ಚು, ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ಡಾಟ್ 5 ಮಾತ್ರ ಸಿಲಿಕೋನ್, ಅದು ಬೇರೆ ಜಾತಿ, ಬೆರೆಸಬಾರದು. ಡಾಟ್ 3, 4, 5.1ರಲ್ಲಿ ಯಾವುದೇ ಆಗಲಿ, ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ಧಾರಾಳವಾಗಿ ನೀರು ಸುರಿಯಿರಿ. ಗ್ಲೈಕಾಲ್ ಬಣ್ಣವನ್ನು ಕಿತ್ತುಹಾಕುತ್ತದೆ.

‘ಎಂಜಿನ್‌ಗೆ ನೀರು ಹಾಕು’ ಎಂದು ಹೇಳಿದ್ದೆ. ಮಗ ಆಯಿಲ್ ಹಾಕುವ ಬಾಯಿಗೇ ನೀರು ಹಾಕಿದ್ದಾನೆ.

ನಮ್ಮ ಮನೆಯಲ್ಲೂ ಇದೇ ನಡೆದಿದೆ. ಅಕ್ಕನ ಮಗ ಆಗಷ್ಟೇ ಲೈಸೆನ್ಸ್ ಪಡೆದಿದ್ದ. ಭಾವ ಕಿಟಕಿಯಿಂದಲೇ ಆಜ್ಞೆ ಕೊಟ್ಟರು. ಹುಡುಗ ಬಾನೆಟ್ ಎತ್ತಿ, ಎಂಜಿನ್ ಮೇಲೆಯೇ ಇದ್ದ ಮುಚ್ಚಳ ತಿರುಗಿಸಿ, ಲಾಳಿಕೆ ಇಟ್ಟು, ಒಂದು ತಂಬಿಗೆ ನೀರನ್ನು ಒಂದು ಹನಿಯೂ ಚೆಲ್ಲದಂತೆ ಸುರಿದ. ಹೇಳಿದ್ದನ್ನೇ ಮಾಡಿದ್ದಾನೆ, ಬೈಯುವುದು ಹೇಗೆ? ರೇಡಿಯೇಟರ್ ಡಬ್ಬಿ ಎಂದು ಭಾವ ಹೇಳಬೇಕಿತ್ತು.

ಸ್ಟಾರ್ಟ್ ಮಾಡದಿದ್ದರೆ ಸುಲಭ. ನೀರು ಎಣ್ಣೆಗಿಂತ ಭಾರ, ಎಂಜಿನ್ನಿನ ತಳದ ಬಟ್ಟಲಿನಲ್ಲಿ ಕೂತಿರುತ್ತದೆ. ಕೆಳಗಿನ ಬೋಲ್ಟ್ ಬಿಚ್ಚಿದರೆ ಮೊದಲು ನೀರೇ ಬರುತ್ತದೆ. ಪೂರ್ತಿ ಎಣ್ಣೆಯನ್ನು ತೆಗೆದು, ಹೊಸ ಎಣ್ಣೆ ಮತ್ತು ಫಿಲ್ಟರ್ ಹಾಕಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬದಲಿಸಿದರೆ ನೆಮ್ಮದಿ. ಸ್ಟಾರ್ಟ್ ಮಾಡಿದ್ದರೆ ನೀರು ಎಣ್ಣೆ ಕಡೆದುಕೊಂಡು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ಬರುತ್ತದೆ. ಆ ನೊರೆ ಬೇರಿಂಗುಗಳನ್ನು ಕಾಯುವುದಿಲ್ಲ. ನೀವು ಏನೂ ಸುರಿಯದೆಯೇ ಆಯಿಲ್ ಕಡ್ಡಿಯಲ್ಲಿ ಈ ಬಣ್ಣ ಕಂಡರೆ ಎಂಜಿನ್ನಿನ ಮೇಲ್ಭಾಗದ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ ತಂಪಾಗಿಸುವ ದ್ರವವಾದ ಕೂಲಂಟ್ ಒಳಗೆ ಸೇರುತ್ತಿರಬಹುದು. ಅದು ಬೇರೆ ಕಥೆ.

ಹಸಿರು ಕೂಲಂಟ್ ಇದ್ದಲ್ಲಿಗೆ ಕೆಂಪು ಹಾಕಿದೆ.

ಬಣ್ಣವನ್ನು ನಂಬಬೇಡಿ, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ, ಕಂಪನಿ ತನಗೆ ಬೇಕಾದ ಬಣ್ಣ ಹಾಕುತ್ತದೆ. ಒಳಗಿನ ತುಕ್ಕು ನಿರೋಧಕ ಯಾವ ಬಗೆಯದು ಎಂಬುದೇ ಮುಖ್ಯ. ಹೊಂದದ ಎರಡು ಬೆರೆತರೆ ಅಂಬಲಿಯಂತೆ ಗಟ್ಟಿಯಾಗಿ ಸಣ್ಣ ದಾರಿಗಳನ್ನು ಕಟ್ಟಿಕೊಳ್ಳಬಹುದು. ಸ್ವಲ್ಪ ಹಾಕಿದ್ದರೆ ಹೆದರಬೇಡಿ. ಮುಂದಿನ ವಾರದೊಳಗೆ ಪೂರ್ತಿ ತೆಗೆಸಿ ಹೊಸದು ತುಂಬಿಸಿ. ಎಂಜಿನ್ ಬಿಸಿಯಿದ್ದಾಗ ಮಾತ್ರ ರೇಡಿಯೇಟರಿನ, ಕೂಲಂಟ್ ಡಬ್ಬಿಯ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ.

ಕೊಳವೆ ಬಾವಿಯ ನೀರು ಹಾಕುವುದೂ ತಪ್ಪೇ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಗಡಸು ನೀರು ರೇಡಿಯೇಟರಿನೊಳಗೂ ಅದನ್ನೇ ಕಟ್ಟುತ್ತದೆ. ದಾರಿಯಲ್ಲಿ ಗತಿಯಿಲ್ಲದಾಗ ಹಾಕಬಹುದು, ಊರು ತಲುಪಿದ ಮೇಲೆ ಬದಲಿಸಬೇಕು.

ಇನ್ನೊಂದು ಎಚ್ಚರಿಕೆ: ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷ. ನಾಯಿ ನೆಕ್ಕುತ್ತದೆ, ಮಗು ಕುಡಿಯುತ್ತದೆ. ಉಳಿದದ್ದನ್ನು ತಂಪು ಪಾನೀಯದ ಬಾಟಲಿಯಲ್ಲಿ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ತುಂಬ ಇದೆ. ದಯವಿಟ್ಟು ಬೇಡ.

ವೈಪರ್ ನೀರಿನ ಡಬ್ಬಿಗೆ ಕೂಲಂಟ್ ಹಾಕಿದೆ.

ಗಾಜಿನ ಮೇಲೆ ಜಿಡ್ಡು ಬಳಿದಂತಾಗಿ ರಾತ್ರಿ ದಾರಿ ಕಾಣುವುದಿಲ್ಲ. ಖಾಲಿ ಮಾಡಿ, ಎರಡು ಮೂರು ಸಲ ನೀರಿನಿಂದ ತೊಳೆಯಿರಿ, ಗಾಜನ್ನು ಸೋಪಿನಿಂದ ಉಜ್ಜಿ. ತಿರುಗುಮುರುಗಾಗಿ, ಗಾಜು ತೊಳೆಯುವ ಸೋಪಿನ ನೀರು ಕೂಲಂಟ್ ಡಬ್ಬಿಗೆ ಹೋಗಿದ್ದರೆ ಸ್ಟಾರ್ಟ್ ಮಾಡದೆ ತೆಗೆಸಿ. ನೊರೆ ಎದ್ದರೆ ಎಂಜಿನ್ ಸರಿಯಾಗಿ ತಂಪಾಗುವುದಿಲ್ಲ. ನೀರಿನ ಕಾರಂಜಿಯ ಚಿತ್ರವಿರುವ ಮುಚ್ಚಳ ವೈಪರಿನದು.

ಹೊಸ ಡೀಸೆಲ್ ಗಾಡಿಗೆ ‘ಯೂರಿಯಾ’ ಹಾಕಬೇಕಂತೆ. ಅದನ್ನು ಡೀಸೆಲ್ ಟ್ಯಾಂಕಿಗೇ ಹಾಕಿಬಿಟ್ಟೆ.

ಆಡ್‌ಬ್ಲೂ, ಡಿಇಎಫ್ ಎಂದೆಲ್ಲ ಕರೆಯುವುದು ಇದನ್ನೇ. ಶೇಕಡಾ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಇದು ಎಂಜಿನ್‌ಗೆ ಹೋಗುವುದೇ ಇಲ್ಲ. ಹೊಗೆಯ ಕೊಳವೆಯೊಳಗೆ ಸಿಂಪಡಣೆಯಾಗಿ ನೈಟ್ರೋಜನ್ ಆಕ್ಸೈಡುಗಳನ್ನು ಕೊಲ್ಲುತ್ತದೆ. ಎಕ್ಸ್‌ಯುವಿ 700 ಡೀಸೆಲ್‌ನಂಥ ಗಾಡಿಗಳಲ್ಲಿ ಇದಕ್ಕೆ ಬೇರೆಯೇ ಬಾಯಿ, ಸಾಮಾನ್ಯವಾಗಿ ನೀಲಿ ಮುಚ್ಚಳ.

ಡೀಸೆಲ್ ಟ್ಯಾಂಕಿಗೆ ಬಿದ್ದರೆ ಅದು ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ, ಪಂಪು ಹೀರುವುದೂ ತಳದಿಂದಲೇ. ಒಳಗೆ ಹೋದರೆ ತುಕ್ಕು, ಒಣಗಿದರೆ ಉಪ್ಪಿನಂಥ ಹರಳು. ಸ್ಟಾರ್ಟ್ ಮಾಡಬೇಡಿ ಎಂದು ಮತ್ತೆ ಹೇಳಬೇಕಿಲ್ಲವಷ್ಟೆ. ಡಿಇಎಫ್ ಬಾಯಿಗೆ ಡೀಸೆಲ್ ಬಿದ್ದರೂ ಅಷ್ಟೇ, ಸ್ವಲ್ಪವೇ ಆದರೂ ಆ ವ್ಯವಸ್ಥೆ ಕೆಡುತ್ತದೆ.

ಮಂಡ್ಯದ ಕಡೆಯ ನೆಂಟರೊಬ್ಬರು ಕೇಳಿದ್ದರು: ಗದ್ದೆಗೆ ತಂದ ಯೂರಿಯಾ ಮೂಟೆ ಇದೆ, ನೀರಿಗೆ ಕಲಸಿ ಹಾಕಬಹುದೇ? ಲೆಕ್ಕ ಜಾಣತನದ್ದೇ, ಆದರೆ ಆಗದು. 2015ರಿಂದ ನಮ್ಮ ದೇಶದಲ್ಲಿ ಗೊಬ್ಬರದ ಯೂರಿಯಾಗೆ ಬೇವಿನ ಎಣ್ಣೆ ಲೇಪಿಸುವುದು ಕಡ್ಡಾಯ. ಆ ಎಣ್ಣೆ, ನಲ್ಲಿ ನೀರಿನ ಸುಣ್ಣ ಎರಡೂ ಸೇರಿ ಹೊಗೆ ಶುದ್ಧಿಯ ದುಬಾರಿ ಭಾಗವನ್ನು ಕಟ್ಟಿಹಾಕುತ್ತವೆ. ಡಬ್ಬಿಯ ಮೇಲೆ ಐಎಸ್‌ಒ 22241 ಎಂದಿರುವುದನ್ನೇ ಕೊಳ್ಳಿ.

ಆಟೊಮ್ಯಾಟಿಕ್ ಗೇರ್ ಬಾಕ್ಸ್‌ಗೆ ಬೇರೆ ಆಯಿಲ್ ಹಾಕಿದರೆ?

ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಗೇರುಗಳ ಬದಲು ಬೆಲ್ಟ್ ಇರುವ ಆಟೊಮ್ಯಾಟಿಕ್ ಬಗೆಯಾದ ಸಿವಿಟಿಗೆ ಅದರದೇ ದ್ರವ ಬೇಕು. ಸಾಮಾನ್ಯ ಆಟೊಮ್ಯಾಟಿಕ್‌ನ ದ್ರವ ಹಾಕಿದರೆ ಬೆಲ್ಟ್ ಜಾರುತ್ತದೆ.

ಯಾರೋ ಹೊಟ್ಟೆಕಿಚ್ಚಿಗೆ ಟ್ಯಾಂಕಿಗೆ ಸಕ್ಕರೆ ಹಾಕಿದ್ದಾರೆ. ಎಂಜಿನ್ ಪಾಕ ಹಿಡಿಯುತ್ತದೆಯೇ?

ಇಲ್ಲ. ಸಕ್ಕರೆ ಪೆಟ್ರೋಲ್‌ನಲ್ಲಿ ಕರಗುವುದಿಲ್ಲ. ಮರಳಿನಂತೆ ತಳದಲ್ಲಿ ಕೂತು ಫಿಲ್ಟರ್ ಕಟ್ಟಬಹುದು. ಟ್ಯಾಂಕು ತೊಳೆಸಿ; ಹೊಟ್ಟೆಕಿಚ್ಚಿಗೆ ನನ್ನಲ್ಲಿ ಉತ್ತರವಿಲ್ಲ.

ಮಳೆಗಾಲದಲ್ಲಿ ಪೆಟ್ರೋಲ್‌ನಲ್ಲೇ ನೀರು ಬಂದಿದೆ ಎಂಬ ಅನುಮಾನ.

ಈಗಿನ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್‌ಗೆ ನೀರೆಂದರೆ ಪ್ರೀತಿ. ಸ್ವಲ್ಪ ನೀರಾದರೆ ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಹೆಚ್ಚಾದರೆ ಪೆಟ್ರೋಲ್‌ನ ಕೈಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಆಗ ಎಂಜಿನ್‌ಗೆ ಮೊದಲು ಸಿಗುವುದು ಆ ತಳದ್ದು. ತುಂಬಿಸಿದ ಕೂಡಲೇ ಗಾಡಿ ಎಳೆದಾಡಿದರೆ ಒಂದಿಷ್ಟನ್ನು ಪಾರದರ್ಶಕ ಸೀಸೆಗೆ ತೆಗೆಸಿ, ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ಎರಡು ಪದರ ಕಂಡರೆ ಅನುಮಾನ ನಿಜ. ಬಂಕ್‌ನಲ್ಲಿ ಸಾಂದ್ರತೆಯನ್ನೂ ಫಿಲ್ಟರ್ ಕಾಗದದ ಪರೀಕ್ಷೆಯನ್ನೂ ಕೇಳಿ ಮಾಡಿಸುವ ಹಕ್ಕು ನಿಮಗಿದೆ.

ಪೈಪು ಹಾಕಿ ಬಾಯಿಂದ ಎಳೆದು ನಾನೇ ಟ್ಯಾಂಕು ಖಾಲಿ ಮಾಡಲೇ?

ಮಾಡಬೇಡಿ. ಪೆಟ್ರೋಲ್ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದಾಗ ಹೆಚ್ಚು ಅಪಾಯ, ಬಾಯಿಂದ ಎಳೆಯುವಾಗ ಒಂದು ಕೆಮ್ಮು ಸಾಕು. ನುಂಗಿದವರಿಗೆ ವಾಂತಿ ಮಾಡಿಸಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಪೆಟ್ರೋಲ್ ಬೆರೆತ ಡೀಸೆಲ್ ಬರಿಯ ಡೀಸೆಲ್‌ಗಿಂತ ಬಹು ಬೇಗ ಹೊತ್ತಿಕೊಳ್ಳುತ್ತದೆ. ಮನೆಯ ಅಂಗಳದಲ್ಲಿ, ಹತ್ತಿರದಲ್ಲೇ ಒಲೆ ಉರಿಯುತ್ತಿರುವಾಗ ಬಕೆಟ್ಟಿಗೆ ಸುರಿಯುವ ಕೆಲಸವಲ್ಲ ಇದು. ತೆಗೆದದ್ದನ್ನು ಚರಂಡಿಗೂ ಬಿಡಬೇಡಿ, ಗ್ಯಾರೇಜಿನವರಿಗೇ ಒಪ್ಪಿಸಿ.

ವಿದ್ಯುತ್ ಕಾರು ಕೊಂಡರೆ ಈ ತಾಪತ್ರಯವೇ ಇಲ್ಲವಲ್ಲ?

ಇಂಧನದ್ದು ಇಲ್ಲ. ಬ್ರೇಕ್ ದ್ರವ, ವೈಪರ್ ನೀರು ಅಲ್ಲೂ ಇವೆ, ಬ್ಯಾಟರಿ ತಂಪಾಗಿಸಲು ಬಹುತೇಕ ಕಾರುಗಳಲ್ಲಿ ಕೂಲಂಟ್ ಕೂಡ. ಕೆಲವು ಕಂಪನಿಗಳು ವಿದ್ಯುತ್ ಹೆಚ್ಚು ಹರಿಯದಂಥ ವಿಶೇಷ ಕೂಲಂಟನ್ನೇ ಹೇಳುತ್ತವೆ; ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕುವಂತಿಲ್ಲ.

ಮನೆಯಲ್ಲಿ ಹೇಗೆ ಹೇಳಲಿ?

ಆ ಹುಣಸೆಮರದ ಕೆಳಗಿನಿಂದ ನಾನು ಹೆಂಡತಿಗೆ ಫೋನು ಮಾಡಿದ್ದೆ. ಅವಳ ಅಪ್ಪ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು, ಗೃಹಪ್ರವೇಶದ ಊಟದ ಹೊತ್ತು ಮೀರುತ್ತಿದೆ ಎಂದು ಗಡಿಯಾರ ನೋಡುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: ‘ಬಿಲ್ಲು ತೆಗೆದುಕೊಂಡಿದ್ದೀರಾ?’

ತೆಗೆದುಕೊಂಡಿರಲಿಲ್ಲ.